ಆರಡಿ ಹಳೇ ಟ್ಯಾಂಕು, ಉಪ್ಪುನೀರು, ಒಂದು ಒದ್ದೆ ಮೂಲೆ

ಹಾಂ, ಕ್ಯಾಮೆರಾ ಓಡ್ತಿದೆ. ಸಮುದ್ರದ ಮೀನು, ಹವಳ ಸಾಕೋಕೆ ತಂದಿರೋ ಸೆಕೆಂಡ್‌ಹ್ಯಾಂಡ್ ಅಕ್ವೇರಿಯಂ ಇದು. ನಾಲ್ಕು ಜನ ಟ್ಯಾಂಕು ಒಳಗೆ ತರ್ತಿರೋದು ಕಾಣ್ತಾನೇ ಇದೆ, ಅದಕ್ಕೆ ವಿವರಣೆ ಬೇಡ. ಕೈಗವಸು ಮಾತ್ರ ಗಮನಿಸಿ. ಹಳೇ ಗಾಜಿನ ಅಂಚಲ್ಲಿ ಚಕ್ಕೆ ಎದ್ದಿದ್ರೆ ಬ್ಲೇಡಿಗಿಂತ ಕೆಟ್ಟದು. ಆಮೇಲೆ, ಎಲ್ರೂ ಹಿಡಿದಿರೋದು ತಳವನ್ನ. ಮೇಲಿನ ಅಡ್ಡಪಟ್ಟಿ ಹಿಡಿದು ಎತ್ತಲೇಬಾರದು. ನೀರು ತುಂಬಿದಾಗ ಗಾಜು ಹೊರಗೆ ಬಾಗದೇ ಇರ್ಲಿ ಅಂತ ಅದನ್ನ ಅಂಟಿಸಿರೋದು, ಅದು ಹಿಡಿಕೆ ಅಲ್ಲ.

ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ, 12 ಮಿ.ಮೀ. ಗಾಜು. ಖಾಲಿ ಗಾಜೇ 120 ಕೆಜಿ ದಾಟತ್ತೆ. ಅಂಚಿನ ತನಕ ತುಂಬಿದ್ರೆ 680 ಲೀಟರು, ಉಪ್ಪುನೀರಾದ್ರೆ ತೂಕ ಸುಮಾರು 700 ಕೆಜಿ. ಮರಳು, ಕಲ್ಲು, ಸ್ಟ್ಯಾಂಡು ಎಲ್ಲ ಸೇರಿ ಒಂದು ಟನ್ನು ಆರಾಮಾಗಿ ಆಗೋಗತ್ತೆ. ಮನೆ ನೆಲವನ್ನ ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆಜಿ ಆಸುಪಾಸಿನ ಲೆಕ್ಕದಲ್ಲಿ ಕಟ್ಟಿರ್ತಾರೆ, ಅದೂ ಇಡೀ ಕೋಣೆಗೆ ಹರಡಿದ ಭಾರಕ್ಕೆ. ಇಲ್ಲಿ ಒಂದು ಚಿಲ್ಲರೆ ಚದರ ಮೀಟರಲ್ಲಿ ಟನ್ನು ಕೂರ್ತಿದೆ. ಅದಕ್ಕೇ ಕೋಣೆ ಮಧ್ಯ ಬೇಡ, ಭಾರ ಹೊರೋ ಗೋಡೆ ಪಕ್ಕ ಇಡಿ. ಮೇಲಿನ ಮಹಡಿ ಆದ್ರೆ ಎಂಜಿನಿಯರ್ ಬಂದು ನೋಡಿ ಹೇಳ್ಬೇಕು. ವಿಡಿಯೋ ನೋಡಿ ತೀರ್ಮಾನ ಮಾಡೋ ವಿಷಯ ಅಲ್ಲ, ಈ ವಿಡಿಯೋನೂ ಸೇರಿ.

ಈಗ ಕಾಣ್ತಿರೋ ಬಿಳಿ ಪೊರೆ ಸುಣ್ಣದ್ದು. ವಿನೆಗರಲ್ಲಿ ಬಟ್ಟೆ ನೆನೆಸಿ ಅರ್ಧ ಗಂಟೆ ಅಂಟಿಸಿಟ್ರೆ ಕರಗತ್ತೆ. ಸೋಪು ಹತ್ರಾನೂ ತರ್ಬೇಡಿ. ಬ್ಲೇಡು ಬಳಸ್ಬಹುದು, ಆದ್ರೆ ಮೂಲೆಯ ಸಿಲಿಕೋನಿಂದ (ಗಾಜು ಅಂಟಿಸಿರೋ ರಬ್ಬರಿನಂಥ ಅಂಟು) ಎರಡು ಬೆರಳು ದೂರ ನಿಲ್ಲಿಸಿ. ಅಕ್ರಿಲಿಕ್ ಟ್ಯಾಂಕಾದ್ರೆ ಬ್ಲೇಡೂ ಬೇಡ, ಒರಟು ಸ್ಪಾಂಜೂ ಬೇಡ, ಗೀರು ಬೀಳತ್ತೆ.

ಸರಿ, ಇದು ಸೋರಿಕೆ ಪರೀಕ್ಷೆ. ಮಾಮೂಲಿ ನಲ್ಲಿ ನೀರು ಸಾಕು. ಕೆಳಗೆ ಸುತ್ತ ದಿನಪತ್ರಿಕೆ ಹಾಸಿದೆ. ಮೊದಲು ಕಾಲು ಭಾಗ ತುಂಬಿ ಕೆಲವು ಗಂಟೆ ಬಿಡೋದು, ಆಮೇಲೆ ಅರ್ಧ, ಆಮೇಲೆ ಪೂರ್ತಿ, ಪೂರ್ತಿ ತುಂಬಿದ್ಮೇಲೆ 48 ಗಂಟೆ. ಇಷ್ಟೊಂದು ತಾಳ್ಮೆ ಯಾಕೆ ಅಂದ್ರೆ, 60 ಸೆಂ.ಮೀ. ನೀರಿದ್ದಾಗ ಮುಂದಿನ ಗಾಜನ್ನ ಹೊರಗೆ ತಳ್ಳೋ ಬಲ ಸುಮಾರು 330 ಕೆಜಿ ಭಾರಕ್ಕೆ ಸಮ. ಒಂದು ವಿಚಿತ್ರ ಏನಂದ್ರೆ, ಟ್ಯಾಂಕಿನ ಅಗಲಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಎರಡಡಿ ಅಗಲ ಇರ್ಲಿ, ಒಂದು ಗೇಣು ಇರ್ಲಿ, ಮುಂದಿನ ಗಾಜಿಗೆ ಬೀಳೋ ಒತ್ತಡ ಅಷ್ಟೇ. ಉದ್ದ ಮತ್ತೆ ನೀರಿನ ಆಳ, ಎರಡೇ ಲೆಕ್ಕ. ಎತ್ತರದ ಟ್ಯಾಂಕಿನ ಗಾಜು ದಪ್ಪ ಇರೋದು ಅದಕ್ಕೇ.

ಮೂವತ್ತನೇ ಗಂಟೆ. ಎಡಗಡೆ ಹಿಂದಿನ ಮೂಲೆ ನೋಡಿ. ಕಾಗದ ಕಪ್ಪಾಗಿದೆ.

ಗಾಬರಿ ಆಗೋ ಮುಂಚೆ ಒಂದು ಮಾತು: ತಣ್ಣನೆ ನೀರು, ಹೊರಗೆ ತೇವದ ಗಾಳಿ ಇದ್ರೆ ಗಾಜು ಬೆವರತ್ತೆ, ಅದೂ ಇಳಿದು ಕಾಗದ ಒದ್ದೆ ಮಾಡತ್ತೆ. ಬೆವರಾದ್ರೆ ಇಡೀ ಗಾಜಲ್ಲಿ ಮಂಜು ಇರತ್ತೆ. ಸೋರಿಕೆ ಒಂದೇ ಗೆರೆಯಲ್ಲಿ ಬರತ್ತೆ. ಇದು ಗೆರೆ. ಬೆವರಲ್ಲ.

ಆದ್ರೆ ಒದ್ದೆ ಕಂಡ ಜಾಗವೇ ತೂತಿನ ಜಾಗ ಅಂದ್ಕೋಬೇಡಿ. ನೀರು ತಳದ ಅಂಚು ಹಿಡ್ಕೊಂಡು ಓಡಿ ಇನ್ನೆಲ್ಲೋ ತೊಟ್ಟಿಕ್ಕತ್ತೆ. ಹೊರಗಿನ ಸಂದನ್ನೆಲ್ಲ ಒರೆಸಿ, ಟಿಶ್ಯೂ ತುಂಡುಗಳನ್ನ ಉದ್ದಕ್ಕೂ ಒತ್ತಿಟ್ರೆ ಯಾವ ತುಂಡು ಮೊದಲು ನೆನೆಯತ್ತೆ ಅಂತ ಗೊತ್ತಾಗತ್ತೆ. ನಿಂತ ಮೂಲೆಯ ಸಂದಾದ್ರೆ ಇನ್ನೂ ಸುಲಭ. ನೀರನ್ನ ಸ್ವಲ್ಪ ಸ್ವಲ್ಪ ಇಳಿಸ್ತಾ ಬನ್ನಿ, ಎಲ್ಲಿ ಸೋರೋದು ನಿಲ್ಲತ್ತೋ ತೂತು ಅಲ್ಲೇ. ಇಲ್ಲಿ ತಳದಿಂದ ಒಂದು ಗೇಣು ಮೇಲೆ ನಿಂತಿತು.

ಹತ್ತಿರದಿಂದ ನೋಡಿ. ಒಳಗಡೆ ಹಳದಿ ತಿರುಗಿದ ಹಳೇ ಸಿಲಿಕೋನ್, ಅದರ ಮೇಲೆ ಇನ್ನೊಂದು ಪದರ ಹೊಳೆಯೋ ಸಿಲಿಕೋನ್. ಯಾರೋ ಹಿಂದೆ ಸೋರಿದಾಗ ತೇಪೆ ಹಾಕಿದಾರೆ. ಈ ತೇಪೆ ಕಂಡ್ರೇ ಮೈ ಉರಿಯತ್ತೆ. ಒಣಗಿದ ಸಿಲಿಕೋನಿಗೆ ಹೊಸ ಸಿಲಿಕೋನ್ ಸರಿಯಾಗಿ ಹಿಡಿಯಲ್ಲ. ಅದು ಗಾಜಿಗೆ ಅಂಟತ್ತೆ, ತನ್ನ ಹಳೇ ಜಾತಿಗೆ ಅಂಟಲ್ಲ. ಉಗುರಲ್ಲಿ ಎಬ್ಬಿಸಿದ್ರೆ, ನೋಡಿ, ದಾರದ ಹಾಗೆ ಎದ್ದು ಬರ್ತಿದೆ. ಮಾರೋ ದಿನಕ್ಕೆ ಚೆನ್ನಾಗಿ ಕಂಡ್ರೆ ಸಾಕು ಅನ್ನೋ ಕೆಲಸ ಇದು.

ಇನ್ನೊಂದು ಪರೀಕ್ಷೆ. ಹೊರಗಿಂದ ಗಾಜಿನ ಮೂಲಕ ಎರಡು ಗಾಜು ಕೂಡೋ ಪಟ್ಟಿಯನ್ನ ನೋಡಿ. ಅಲ್ಲಿರೋ ಸಿಲಿಕೋನೇ ಟ್ಯಾಂಕನ್ನ ಹಿಡಿದು ನಿಲ್ಸಿರೋದು. ಒಳಮೂಲೆಯದು ಆ ಪಟ್ಟಿಗೆ ಕಾವಲು ಅಷ್ಟೇ. ಆ ಪಟ್ಟಿಯಲ್ಲಿ ಬೆಳ್ಳಿ ಹಾಗೆ ಹೊಳೆಯೋ ಮಚ್ಚೆ ಇದ್ರೆ ಅಲ್ಲಿ ಅಂಟು ಬಿಟ್ಟು ಗಾಳಿ ಸೇರಿದೆ ಅಂತ ಅರ್ಥ. ಚಿಕ್ಕ ಗುಳ್ಳೆ ಒಂದೆರಡು ಇದ್ರೆ ಚಿಂತೆ ಇಲ್ಲ, ಅಂಚಿಂದ ಅಂಚಿಗೆ ದಾಟೋ ಮಚ್ಚೆ ಇದ್ರೆ ಇಡೀ ಟ್ಯಾಂಕು ಬಿಚ್ಚಿ ಮತ್ತೆ ಕಟ್ಬೇಕು. ಇಲ್ಲಿ ಕೂಡುಪಟ್ಟಿ ಬಹುತೇಕ ಚೆನ್ನಾಗಿದೆ, ಆ ಒಂದು ಜಾಗದಲ್ಲಿ ಮಾತ್ರ ನೀರು ದಾರಿ ಮಾಡ್ಕೊಂಡಿದೆ. ಬದುಕಿಸ್ಬಹುದು.

ಹಾಗಂತ ಆ ಮೂಲೆಗೆ ಮಾತ್ರ ಸಿಲಿಕೋನ್ ಹಾಕಿದ್ರೆ ಅದೂ ತೇಪೆಯೇ ಆಗತ್ತೆ. ಹೊಸದು ಎಲ್ಲಿ ಮುಗಿಯತ್ತೋ ಅಲ್ಲಿ ಮತ್ತೆ ಹಳೇದನ್ನ ಮುಟ್ಟತ್ತೆ. ನಿಂತ ನಾಲ್ಕು ಮೂಲೆ, ತಳದ ನಾಲ್ಕು ಅಂಚು, ಒಳಗಿನದೆಲ್ಲ ಕಿತ್ತು ತೆಗೀಬೇಕು. ಬ್ಲೇಡಲ್ಲಿ ಕೆರೆದು, ಅಸಿಟೋನ್ ಬಟ್ಟೆಯಿಂದ ಒರೆಸಿ, ಬೆರಳಿಗೆ ಜಿಡ್ಡು ಸಿಗದೇ ಇರೋ ತನಕ. ಕೆರೆಯುವಾಗ ಬ್ಲೇಡು ಗಾಜುಗಳ ನಡುವಿನ ಪಟ್ಟಿಗೆ ಇಳಿಬಾರದು. ಇದಕ್ಕೆ ಒಂದು ಇಡೀ ದಿನ ಹೋಗತ್ತೆ, ಬೆನ್ನು ಬೇರೆ ಹೋಗತ್ತೆ. ಸೆಕೆಂಡ್‌ಹ್ಯಾಂಡ್ ಟ್ಯಾಂಕು ತಗೊಳ್ಳೋದೇ ದಡ್ಡತನ ಅಂತ ಈ ಹೊತ್ತಿಗೆ ಅನಿಸತ್ತೆ.

ಸಿಲಿಕೋನ್ ಟ್ಯೂಬಿನ ಹಿಂದೆ ಬರೆದಿರೋದನ್ನ ಓದಿ. ‘ಬೂಷ್ಟು ನಿರೋಧಕ’ ಅಂತಿದ್ರೆ ಬೇಡ. ಬಚ್ಚಲುಮನೆಗೆ ಅಂತ ಶಿಲೀಂಧ್ರನಾಶಕ ಬೆರೆಸಿರ್ತಾರೆ. ನೂರಕ್ಕೆ ನೂರು ಸಿಲಿಕೋನ್, ಅಕ್ವೇರಿಯಂಗೆ ಆಗತ್ತೆ ಅಂತ ಬರೆದಿರೋದೇ ಬೇಕು. ಒಣಗುವಾಗ ವಿನೆಗರ್ ವಾಸನೆ ಬಂದ್ರೆ ಹೆದರ್ಬೇಡಿ, ಹೊರಗೆ ಬರ್ತಿರೋದು ಅಸಿಟಿಕ್ ಆಮ್ಲ. ಎರಡೂ ಕಡೆ ಮಾಸ್ಕಿಂಗ್ ಟೇಪ್, ಒಂದೇ ಎಳೆತದಲ್ಲಿ ಸಿಲಿಕೋನ್, ಬೆರಳಲ್ಲಿ ಸವರಿ, ಮೇಲೆ ಚರ್ಮ ಕಟ್ಟೋ ಮುಂಚೆ ಟೇಪು ಕಿತ್ತುಬಿಡಿ. ತಡ ಮಾಡಿದ್ರೆ ಟೇಪಿನ ಜೊತೆ ಅಂಚೂ ಎದ್ದುಬರತ್ತೆ. ಒಂದು ವಾರ ಮುಟ್ಟಂಗಿಲ್ಲ. ವಾಸನೆ ಪೂರ್ತಿ ಹೋದ್ಮೇಲೆ ಮತ್ತೆ ಅದೇ 48 ಗಂಟೆ ಪರೀಕ್ಷೆ. ಕಾಗದ ಒಣಗೇ ಇದೆ. ಮುಂದೆ.

ಸ್ಟ್ಯಾಂಡಿನ ಮೇಲೆ ರಸಮಟ್ಟ. ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ. ಸರಿ ಮಾಡೋದಾದ್ರೆ ಸ್ಟ್ಯಾಂಡಿನ ಕಾಲಡಿ ಮಾಡಿ, ಟ್ಯಾಂಕಿನಡಿ ತುಂಡು ತೂರಿಸಿದ್ರೆ ತಳ ಸೀಳತ್ತೆ. ಚೌಕಟ್ಟಿಲ್ಲದ ತಳಕ್ಕೆ ಫೋಮ್ ಹಾಳೆ ಬೇಕು, ಪ್ಲಾಸ್ಟಿಕ್ ಚೌಕಟ್ಟಿನ ಟ್ಯಾಂಕಿಗೆ ಬೇಡ.

ಕೆಳಗಿರೋದು ಸಂಪ್. ನೆಲದಡಿಯ ನೀರಿನ ಸಂಪ್ ಅಲ್ಲ, ಫಿಲ್ಟರು, ಕೊಳೆಯನ್ನ ನೊರೆಯಾಗಿ ಎತ್ತಿ ತೆಗೆಯೋ ಸ್ಕಿಮ್ಮರು, ಹೀಟರು ಕೂರೋ ಗಾಜಿನ ತೊಟ್ಟಿ. ಇಲ್ಲೂ ಒಂದು ಲೆಕ್ಕ ಇದೆ. ಈ ಟ್ಯಾಂಕಲ್ಲಿ ನೀರು ಒಂದು ಸೆಂ.ಮೀ. ಇಳಿದ್ರೆ 11 ಲೀಟರು. ಕರೆಂಟ್ ಹೋದ್ರೆ ಪಂಪು ನಿಲ್ಲತ್ತೆ, ಮೇಲೆ ನೀರು ಬಿಡೋ ಪೈಪೇ ಸೈಫನ್ ಆಗಿ ನೀರನ್ನ ಕೆಳಗೆ ಎಳಿಯತ್ತೆ. ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಐದು ಸೆಂ.ಮೀ. ಕೆಳಗಿದ್ರೆ 55 ಲೀಟರು ಸಂಪಿಗೆ ಬರತ್ತೆ. ಜಾಗ ಇಲ್ಲ ಅಂದ್ರೆ ನೆಲಕ್ಕೆ. ಹಾಗಾಗಿ ಬಾಯಿ ನೀರಿನ ಮೇಲ್ಮೈಗೆ ಹತ್ರ ಇರ್ಲಿ, ಮಟ್ಟದ ಸ್ವಲ್ಪ ಕೆಳಗೆ ಪೈಪಿಗೆ ಒಂದು ಚಿಕ್ಕ ತೂತು ಕೊರೀರಿ, ಗಾಳಿ ಸೇರಿ ಸೈಫನ್ ಮುರಿಯತ್ತೆ. ಆ ತೂತನ್ನ ಪಾಚಿ ಮುಚ್ಚತ್ತೆ, ಆಗಾಗ ಚುಚ್ಚಿ. ನೀರು ವಾಪಸ್ ಬರದ ಹಾಗೆ ತಡೆಯೋ ನಾನ್ ರಿಟರ್ನ್ ವಾಲ್ವ್? ಅದು ಮೋಸ. ಒಂದು ಬಸವನಹುಳ ಸಿಕ್ಕಿದ್ರೆ, ಸುಣ್ಣ ಕಟ್ಟಿದ್ರೆ ಮುಚ್ಚಲ್ಲ. ಹಾಂ, ಇರೋರು ಕಿತ್ತುಹಾಕ್ಬೇಕಾಗಿಲ್ಲ, ಅದೊಂದನ್ನೇ ನಂಬ್ಬೇಡಿ ಅಷ್ಟೇ. ಪಂಪು ಕೈಯಾರೆ ಆರಿಸಿ, ಸಂಪ್ ಎಲ್ಲಿ ತನಕ ಏರತ್ತೋ ಅಲ್ಲಿಗೆ ಟೇಪು ಹಚ್ಚಿ.

ಕೆಳಗೆ ಇಳಿಯೋ ಪೈಪಿಗೆ ಗೇಟ್ ವಾಲ್ವ್, ಬಾಲ್ ವಾಲ್ವ್ ಅಲ್ಲ. ಸಣ್ಣಸಣ್ಣಗೆ ತಿರುಗಿಸೋಕೆ ಆಗೋದು ಗೇಟಲ್ಲೇ. ಪಕ್ಕದಲ್ಲಿ ಯಾವಾಗ್ಲೂ ಖಾಲಿ ಇರೋ ಇನ್ನೊಂದು ಪೈಪು, ಮೊದಲಿನದು ಕಟ್ಟಿಕೊಂಡ್ರೆ ತುರ್ತಿಗೆ. ವೈರುಗಳೆಲ್ಲ ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮೇಲೆ ಹೋಗ್ಲಿ, ನೀರು ವೈರು ಹಿಡಿದು ಬಂದ್ರೂ ಆ ಬಾಗಲ್ಲೇ ತೊಟ್ಟಿಕ್ಕತ್ತೆ. ಕರೆಂಟ್ ಸೋರಿದ್ರೆ ತಕ್ಷಣ ಕಡಿಯೋ 30 ಮಿಲಿಆಂಪಿನ ಆರ್‌ಸಿಸಿಬಿ ಇಲ್ದೇ ಕೈ ನೀರಿಗೆ ಹಾಕ್ಬೇಡಿ.

ಉಪ್ಪು. ಅಡುಗೆದಲ್ಲ, ಅಕ್ವೇರಿಯಂಗೆ ಅಂತ ಬರೋ ಸಮುದ್ರದ ಉಪ್ಪು. ಆರ್‌ಒ ಫಿಲ್ಟರ್ ಆದ್ಮೇಲೆ, ಉಳಿದ ಲವಣವನ್ನೂ ಹಿಡಿಯೋ ಡಿಐ ಕಾರ್ಟ್ರಿಜ್ ದಾಟಿದ ನೀರು, ಟಿಡಿಎಸ್ (ಕರಗಿದ ಲವಣದ ಅಳತೆ) ಸೊನ್ನೆ. ಲೀಟರಿಗೆ ಸುಮಾರು 37 ಗ್ರಾಂ, 600 ಲೀಟರಿಗೆ 22 ಕೆಜಿ. ನೀರಿಗೆ ಉಪ್ಪು ಹಾಕಿ, ಉಪ್ಪಿನ ಮೇಲೆ ನೀರು ಸುರೀಬೇಡಿ. ಗಟ್ಟಿ ದ್ರಾವಣದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿ ಪುಡಿಯಾಗಿ ಕೂತುಬಿಡತ್ತೆ, ಆಮೇಲೆ ಕರಗಲ್ಲ. ಜೀವ ಇಲ್ಲದ ಮೊದಲ ಸಲ ಟ್ಯಾಂಕಲ್ಲೇ ಕಲಸಬಹುದು. ಪಂಪು, ಹೀಟರು ಹಾಕಿ 25 ಡಿಗ್ರಿಯಲ್ಲಿ ಒಂದು ದಿನ ತಿರುಗ್ಲಿ. ಉಪ್ಪಿನಂಶ ಅಳೆಯೋ ರಿಫ್ರ್ಯಾಕ್ಟೋಮೀಟರನ್ನ 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪು) ದ್ರಾವಣದಿಂದ ಸರಿಹೊಂದಿಸಿ, ಬರೀ ಆರ್‌ಒ ನೀರಲ್ಲಿ ಸೊನ್ನೆ ತೋರಿಸಿದ್ರೆ ಸಾಲಲ್ಲ. ಗುರಿ 35, ಸಾಂದ್ರತೆ 1.026. ಮುಂದೆ ಆವಿಯಾಗಿ ಹೋದದ್ದಕ್ಕೆ ಉಪ್ಪಿಲ್ಲದ ನೀರನ್ನೇ ತುಂಬಿ. ಹಾರೋದು ನೀರು, ಉಪ್ಪು ಅಲ್ಲೇ ಇರತ್ತೆ.

ಟ್ಯಾಂಕಿನ ಜೊತೆ ಬಂದ ಮರಳು ಎಸೀರಿ. ವರ್ಷಗಟ್ಟಲೆಯ ಕೊಳೆ ಅದರಲ್ಲಿದೆ, ಕದಡಿದ್ರೆ ಕೊಳೆತ ಮೊಟ್ಟೆ ವಾಸನೆ. ಬ್ಯಾಕ್ಟೀರಿಯಾಕ್ಕೆ ಅಂತ ಒಂದು ಮುಷ್ಟಿ ಬೇಕಾದ್ರೆ, ಈಗ ಓಡ್ತಿರೋ ಆರೋಗ್ಯವಂತ ಟ್ಯಾಂಕಿಂದ ತಗೊಳ್ಳಿ. ಕಲ್ಲು ಇಟ್ಕೋಬಹುದು, ಆದ್ರೆ ಮಾರಿದವ್ರಿಗೆ ಒಂದು ಪ್ರಶ್ನೆ ಕೇಳಿ: ಇದರಲ್ಲಿ ಯಾವತ್ತಾದ್ರೂ ತಾಮ್ರದ ಔಷಧಿ ಹಾಕಿದ್ರಾ? ಕಲ್ಲು ತಾಮ್ರ ಹೀರಿ ಆಮೇಲೆ ನಿಧಾನಕ್ಕೆ ಬಿಡತ್ತೆ. ಮೀನಿಗೆ ಏನೂ ಆಗದ ಪ್ರಮಾಣದಲ್ಲೇ ಸೀಗಡಿ, ಹವಳ ಸಾಯತ್ತೆ. ಉತ್ತರದಲ್ಲಿ ಅನುಮಾನ ಬಂದ್ರೆ ಕಲ್ಲೂ ಹೊರಗೆ.

ಕಲ್ಲಿಗೆ ಇಷ್ಟು ಮರ್ಯಾದೆ ಯಾಕಂದ್ರೆ ನಿಜವಾದ ಫಿಲ್ಟರು ಅದೇ. ಜಕಾರ್ತದ ಲೀ ಚಿನ್ ಎಂಗ್ 1960ರ ದಶಕದ ಆರಂಭದಲ್ಲೇ ಬ್ಯಾಕ್ಟೀರಿಯಾ ಮನೆ ಮಾಡಿರೋ ಸಮುದ್ರದ ಜೀವಂತ ಕಲ್ಲು, ಗಾಳಿಗುಳ್ಳೆ ಇಷ್ಟರಲ್ಲೇ ಹವಳ ಸಾಕಿ ತೋರಿಸಿದ್ರು. ನಾವು ಕೆಳಗೆ ಒಂದು ಕಾರ್ಖಾನೆಯನ್ನೇ ಇಟ್ಟು... ಅಯ್ಯೋ, ಶಾಟ್ ಮುಗೀತಿದೆ.

ಕಲ್ಲು ಮೊದಲು, ನೇರ ಗಾಜಿನ ತಳದ ಮೇಲೆ. ಮರಳು ಆಮೇಲೆ. ಉಲ್ಟಾ ಮಾಡಿದ್ರೆ ಬಿಲ ತೋಡೋ ಮೀನು ಅಡಿಯ ಮರಳು ತೆಗೆದು ಕಲ್ಲನ್ನ ಗಾಜಿಗೆ ಉರುಳಿಸತ್ತೆ. ನಾಲ್ಕು ಸೆಂ.ಮೀ. ಅರಗೊನೈಟ್ (ಸುಣ್ಣದಂಶದ) ಮರಳಿಗೆ 65 ಕೆಜಿ ಆಸುಪಾಸು ಬೇಕು. ನೀರು ಎರಡು ದಿನ ಹಾಲಿನ ಥರ ಇರತ್ತೆ, ಬಿಡಿ.

ಇದು 19ನೇ ದಿನ. ಮೀನು ಬಿಡೋ ಮುಂಚೆ ಬ್ಯಾಕ್ಟೀರಿಯಾ ಬೆಳೀಲಿ ಅಂತ ಅಮೋನಿಯಾ ಹಾಕೋದು, ಅವು ಅದನ್ನ ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡತ್ತೆ. ಅಮೋನಿಯಾ 2 ಪಿಪಿಎಂ (ಲೀಟರಿಗೆ 2 ಮಿ.ಗ್ರಾಂ) ತನಕ ಹಾಕಿದ್ದು ಸೊನ್ನೆಗೆ ಬಂದಿದೆ. ನೈಟ್ರೈಟ್ ಪರೀಕ್ಷೆಯ ಟ್ಯೂಬು ಇನ್ನೂ ಗಾಢ ಬಣ್ಣ. ಆ ನೈಟ್ರೈಟ್ ಇರೋ ತನಕ ನೈಟ್ರೇಟ್ ಪರೀಕ್ಷೆನೂ ಸುಳ್ಳು ಹೇಳತ್ತೆ, ಅದನ್ನ ಮಾಡಿ ರಾಸಾಯನಿಕ ಹಾಳು ಮಾಡ್ಬೇಡಿ. ಹಾಕಿದ ಅಮೋನಿಯಾ 24 ಗಂಟೆಯಲ್ಲಿ ಮಾಯ ಆಗಿ, ನೈಟ್ರೈಟೂ ಸೊನ್ನೆ ಆಗ್ಬೇಕು. ಅಲ್ಲಿ ತನಕ ಮೀನಿಲ್ಲ, ದೀಪವೂ ಇಲ್ಲ. ದೀಪ ಹಾಕಿದ್ರೆ ಪಾಚಿಗೆ ಔತಣ. ಸ್ಕಿಮ್ಮರು, ಹೊಸ ಸಿಲಿಕೋನ್ ಇದ್ದಾಗ ಹುಚ್ಚಾಟ ಆಡತ್ತೆ, ನೊರೆ ಸೇರೋ ಬಟ್ಟಲನ್ನ ಮೇಲೆತ್ತಿ ಹಗುರಾಗಿ ಓಡಿಸ್ಬೇಕು, ಇಲ್ಲಾಂದ್ರೆ... ಚೆಲ್ತಿದೆ, ಚೆಲ್ತಿದೆ. ಕ್ಯಾಮೆರಾ ಅಲ್ಲೇ ಇರ್ಲಿ, ಒಂದು ಬಟ್ಟೆ ತಗೊಂಡು ಬರ್ತೀನಿ.