ದಮ್ಮು ಕಟ್ಟುವುದು ವಯಸ್ಸಿನಿಂದಲೇನಾ?

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ತುಂಬ ಖುಷಿಯಾಯ್ತು.

ಉಡುಪಿ ಕಡೆಯವರಿಗೆ ಕಿಂಡಿ ಅಣೆಕಟ್ಟು ಗೊತ್ತೇ ಇದೆ. ಮಳೆಗಾಲ ಮುಗಿದ ಮೇಲೆ ಹಲಗೆ ಹಾಕಿ ಹೊಳೆ ನೀರು ನಿಲ್ಲಿಸುತ್ತೇವೆ. ಹಲಗೆ ಸರಿಯಾಗಿ ಕೂತರೆ ಸದ್ದಿಲ್ಲ. ಎಲ್ಲೋ ಸಣ್ಣ ಸಂದು ಉಳಿದರೆ ಸುಯ್ ಅಂತ ನೀರು ಚಿಮ್ಮುವುದು ದಡಕ್ಕೇ ಕೇಳುತ್ತದೆ. ಹೃದಯದಲ್ಲಿ ಇಂಥ ನಾಲ್ಕು ಬಾಗಿಲುಗಳಿವೆ. ಅವೇ ವಾಲ್ವ್‌ಗಳು. ದಿನಕ್ಕೆ ಸುಮಾರು 1 ಲಕ್ಷ ಸಲ ತೆರೆದು ಮುಚ್ಚುತ್ತವೆ. ಮುಚ್ಚುವಾಗ ಬರುವ ಲಬ್-ಡಬ್ ನಮಗೆ ಸ್ಟೆತಸ್ಕೋಪಿನಲ್ಲಿ ಕೇಳುತ್ತದೆ. ವಾಲ್ವ್ ಪೂರ್ತಿ ತೆರೆಯದಿದ್ದರೆ, ಇಲ್ಲವೇ ಪೂರ್ತಿ ಮುಚ್ಚದೆ ರಕ್ತ ಹಿಂದಕ್ಕೆ ಸೋರಿದರೆ, ಇನ್ನೊಂದು ಸುಯ್ ಸದ್ದು ಸೇರಿಕೊಳ್ಳುತ್ತದೆ. ಅದನ್ನೇ ಮರ್ಮರ್ ಅನ್ನುವುದು.

ಮರ್ಮರ್ ಇದೆ ಅಂದ ಕೂಡಲೇ ಹೆದರಬೇಡಿ. ರಕ್ತ ಕಮ್ಮಿ ಇದ್ದರೆ, ಜ್ವರ ಬಂದಿದ್ದರೆ, ಥೈರಾಯ್ಡ್ ಜಾಸ್ತಿಯಾಗಿದ್ದರೆ, ಬಸುರಿಯಾಗಿದ್ದರೆ ರಕ್ತ ರಭಸವಾಗಿ ಹರಿಯುತ್ತದೆ. ಆಗ ವಾಲ್ವ್ ಚೆನ್ನಾಗಿದ್ದರೂ ಸದ್ದು ಬರಬಹುದು. ಎಕೋ ಮಾಡಿದರೆ ಗೊತ್ತಾಗುತ್ತದೆ. ಬಸುರಿಗೆ ಸ್ಕ್ಯಾನಿಂಗ್ ಮಾಡುತ್ತಾರಲ್ವಾ, ಅಂಥದ್ದೇ. ಸೂಜಿ ಇಲ್ಲ, ನೋವಿಲ್ಲ.

ನನ್ನ ಚಿಂತೆ ಬೇರೆ. 'ವಯಸ್ಸಾಯ್ತಲ್ವಾ' ಅನ್ನುವ ಮಾತಿನದ್ದು.

ಎಪ್ಪತ್ತು ದಾಟಿದ ಅಡಿಕೆ ಕೃಷಿಕರೊಬ್ಬರು ಬಂದಿದ್ದರು. 'ದಮ್ಮು ಕಟ್ಟುತ್ತದಾ?' ಅಂದೆ. 'ಇಲ್ಲ ಡಾಕ್ಟ್ರೇ, ಏನೂ ಇಲ್ಲ' ಅಂದರು. ಪಕ್ಕದಲ್ಲಿದ್ದ ಹೆಂಡತಿ ಸುಮ್ಮನಿರಲಿಲ್ಲ. 'ಕೆಳಗಿನ ತೋಟಕ್ಕೆ ಹೋಗುವುದು ಬಿಟ್ಟು ವರ್ಷ ಆಯ್ತು. ಬಾವಿಕಟ್ಟೆ ಹತ್ತಿರ ಒಂದು ಸ್ಟೂಲ್ ಇಡಿಸಿಕೊಂಡಿದ್ದಾರೆ' ಅಂದರು. ದಮ್ಮು ಕಟ್ಟುವ ಕೆಲಸವನ್ನೇ ಅವರು ಬಿಟ್ಟಿದ್ದರು! ಎದೆಯ ಬಲಗಡೆ ಮೇಲ್ಭಾಗದಲ್ಲಿ ಸ್ಟೆತಸ್ಕೋಪ್ ಇಟ್ಟೆ. ಗರಗಸ ಎಳೆದ ಹಾಗೆ ಒರಟು ಸದ್ದು. ಕುತ್ತಿಗೆಯಲ್ಲೂ ಕೇಳುತ್ತಿತ್ತು. ಎಕೋ ಮಾಡಿಸಿದೆವು. ಹೃದಯದಿಂದ ಮೈಗೆಲ್ಲ ರಕ್ತ ಹೋಗುವ ಬಾಗಿಲು ಅಯೋರ್ಟಿಕ್ ವಾಲ್ವ್. ಅದು ಸಾಮಾನ್ಯವಾಗಿ 3ರಿಂದ 4 ಚದರ ಸೆಂಟಿಮೀಟರ್ ತೆರೆಯಬೇಕು. ಅವರದ್ದು 1ಕ್ಕಿಂತ ಕಮ್ಮಿ.

ವಯಸ್ಸಾದಂತೆ ಈ ವಾಲ್ವಿನಲ್ಲಿ ಕ್ಯಾಲ್ಸಿಯಂ ಕೂತು ಗಟ್ಟಿಯಾಗುತ್ತದೆ. ಹಾಲು, ರಾಗಿ ತಿಂದು ಹೀಗಾಯ್ತು ಅಂದುಕೊಳ್ಳಬೇಡಿ. ನಡೆದರೆ ದಮ್ಮು, ಎದೆ ಹಿಡಿದುಕೊಂಡ ಹಾಗಾಗುವುದು, ಕಣ್ಣು ಕತ್ತಲೆ ಬಂದು ಬೀಳುವುದು, ಈ ಮೂರರಲ್ಲಿ ಒಂದು ಶುರುವಾದರೂ ಮುಂದೂಡಬೇಡಿ. ವಾಲ್ವ್ ಬದಲಿಸದಿದ್ದರೆ ಅನೇಕರಿಗೆ ಆಮೇಲೆ ಎರಡು-ಮೂರು ವರ್ಷ ಕಳೆಯುವುದೂ ಕಷ್ಟ. ಗಟ್ಟಿಯಾದದ್ದನ್ನು ಮೆತ್ತಗೆ ಮಾಡುವ ಮಾತ್ರೆ ಇಲ್ಲ. ಆದರೆ ಈಗ ಎದೆ ತೆರೆಯದೆಯೂ, ತೊಡೆಯ ರಕ್ತನಾಳದಿಂದ ಹೊಸ ವಾಲ್ವ್ ಕೂರಿಸಲು ಆಗುತ್ತದೆ. ಫ್ರಾನ್ಸಿನ ಡಾಕ್ಟರ್ ಅಲೈನ್ ಕ್ರಿಬಿಯೆ 2002ರಲ್ಲಿ ಮೊದಲ ಸಲ ಇದನ್ನು ಮನುಷ್ಯರಲ್ಲಿ ಮಾಡಿದರು.

ಹಾಗಾಗಿ ಮನೆಯ ಹಿರಿಯರನ್ನು ದಮ್ಮು ಇದೆಯಾ ಅಂತ ಕೇಳಬೇಡಿ, ಇಲ್ಲ ಅಂತಲೇ ಹೇಳುತ್ತಾರೆ. 'ಹೋದ ವರ್ಷ ರಥಬೀದಿಗೆ ಒಂದು ಸುತ್ತು ಬರುತ್ತಿದ್ದಿರಿ, ಈಗ ಎಲ್ಲಿ ಕೂರುತ್ತೀರಿ?' ಅಂತ ಕೇಳಿ. ರಾತ್ರಿ ಎಷ್ಟು ದಿಂಬು ಬೇಕು ಅಂತ ನೋಡಿ, ಚಪ್ಪಟೆಯಾಗಿ ಮಲಗಿದರೆ ದಮ್ಮು ಕಟ್ಟುವವರು ದಿಂಬು ಏರಿಸಿಕೊಳ್ಳುತ್ತಾರೆ.

ಚಿಕ್ಕ ವಯಸ್ಸಿನವರ ಕಥೆ ಬೇರೆ. ಬಾಲ್ಯದಲ್ಲಿ ಗಂಟಲು ನೋವು, ಆಮೇಲೆ ಜ್ವರ, ಗಂಟು ಊತ. ಅದು ರುಮ್ಯಾಟಿಕ್ ಜ್ವರವಾಗಿದ್ದರೆ ಎಷ್ಟೋ ವರ್ಷದ ನಂತರ ಮೈಟ್ರಲ್ ವಾಲ್ವ್, ಅಂದರೆ ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಬಾಗಿಲು, ಕಿರಿದಾಗಬಹುದು. ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತಾಗುವುದೇ ಬಸುರಿಯಾದಾಗ. ಆ ಜ್ವರ ಮರುಕಳಿಸದಂತೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಹೇಳಿದ್ದರೆ, ಮಗು ಚೆನ್ನಾಗಿದೆ ಅಂತ ದಯವಿಟ್ಟು ನಿಲ್ಲಿಸಬೇಡಿ.

ಲೋಹದ ವಾಲ್ವ್ ಹಾಕಿಸಿಕೊಂಡವರೂ ಇಲ್ಲಿರಬಹುದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ನಮ್ಮ ದೇಶದಲ್ಲೇ ಇಂಥ ವಾಲ್ವ್ ತಯಾರಿಸಿ, 1990ರಲ್ಲಿ ಮೊದಲ ರೋಗಿಗೆ ಹಾಕಿದರು. ಲೋಹದ ವಾಲ್ವ್ ಇದ್ದವರು ರಕ್ತ ಹೆಪ್ಪುಗಟ್ಟದ ಮಾತ್ರೆಯನ್ನು ಜೀವನಪೂರ್ತಿ ತಗೊಳ್ಳಬೇಕು. ಆಗಾಗ ಐಎನ್‌ಆರ್, ಅಂದರೆ ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ತೋರಿಸುವ ರಕ್ತ ಪರೀಕ್ಷೆ, ನೋಡಿಸಬೇಕು. 'ಹಾಗಾದರೆ ಬಸಳೆ ಬಿಡಬೇಕಾ?' ಅಂತ ಎಲ್ಲರೂ ಕೇಳುತ್ತಾರೆ. ಬಿಡಬೇಡಿ. ಸೊಪ್ಪಿನ ವಿಟಮಿನ್ ಕೆ ಮಾತ್ರೆಯ ಬಲ ತಗ್ಗಿಸುತ್ತದೆ, ಅದು ನಿಜ. ಆದರೆ ತೊಂದರೆ ಆಗುವುದು ಹೆಚ್ಚು-ಕಮ್ಮಿ ಮಾಡಿದಾಗ. ಆಟಿ ತಿಂಗಳಲ್ಲಿ ವಾರವಿಡೀ ಕೆಸುವಿನೆಲೆಯ ಪತ್ರೊಡೆ, ಆಮೇಲೆ ತಿಂಗಳಿಡೀ ಸೊಪ್ಪೇ ಇಲ್ಲ, ಹೀಗಾಗಬಾರದು. ವಾರವಾರವೂ ಹೆಚ್ಚುಕಮ್ಮಿ ಅಷ್ಟೇ ತಿನ್ನಿ.

ಹಲ್ಲು ಕೀಳಿಸುವ ಮೊದಲು, ವಾಲ್ವ್ ಹಾಕಿದೆ ಅಂತ ಹಲ್ಲಿನ ಡಾಕ್ಟರಿಗೆ ಹೇಳಿ. ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ವಾಲ್ವಿನಲ್ಲಿ ಕೂರದಂತೆ ಅವರು ಮೊದಲೇ ಆಂಟಿಬಯಾಟಿಕ್ ಕೊಡುತ್ತಾರೆ.

ಈಗ ಪ್ರಶ್ನೆ ಕೇಳಿ. ಐಎನ್‌ಆರ್ ಪುಸ್ತಕ ತಂದವರು ಮುಂದಿನ ಸಾಲಿಗೆ ಬನ್ನಿ, ಒಂದೊಂದಾಗಿ ನೋಡೋಣ.