ಕಳುಹಿಸುವ ಮೊದಲು ಗಟ್ಟಿಯಾಗಿ ಓದಿ

ಕೇಳುಗರಿಗೆಲ್ಲ ನಮಸ್ಕಾರ.

ಅಂತರ್ಜಾಲದ ಚರ್ಚೆಗಳಲ್ಲಿ ನಾವು ಹೇಗೆ ಬರೆಯಬೇಕು, ಅವುಗಳನ್ನು ನೋಡಿಕೊಳ್ಳುವ ಅಡ್ಮಿನ್‌ಗಳು ಹೇಗೆ ನಡೆದುಕೊಳ್ಳಬೇಕು ಎನ್ನುವುದರ ಬಗ್ಗೆ ಮಾತನಾಡಿ ಎಂದು ಬಾನುಲಿಯವರು ಕೇಳಿದ್ದಾರೆ. ಇಂಥದ್ದನ್ನು ಮಾಡಿ, ಇಂಥದ್ದನ್ನು ಮಾಡಬೇಡಿ ಎಂದು ಒಂದು ಉದ್ದನೆಯ ಪಟ್ಟಿ ಓದಿ ಎದ್ದುಹೋಗಬಹುದಿತ್ತು. ಓದುವುದಿಲ್ಲ. ಗುಂಪಿಗೆ ಸೇರುವಾಗ ‘ಒಪ್ಪಿದ್ದೇನೆ’ ಎಂದು ಒತ್ತಿ ಮುಂದೆ ಹೋಗುತ್ತೀರಲ್ಲ, ಆ ಪಟ್ಟಿಯನ್ನು ನೀವು ಓದಿಲ್ಲ. ಓದಿದ್ದೇನೆ ಎನ್ನುವವರೂ ಓದಿಲ್ಲ. ಆದ್ದರಿಂದ ಇವತ್ತು ಒಂದೇ ಮಾತು ಹೇಳುತ್ತೇನೆ. ಬರೆದದ್ದನ್ನು ಕಳುಹಿಸುವ ಮೊದಲು ಗಟ್ಟಿಯಾಗಿ ಓದಿ. ಅದೂ ನಿಮ್ಮ ದನಿಯಲ್ಲಲ್ಲ, ನಿಮ್ಮನ್ನು ಕಂಡರಾಗದವರ ದನಿಯಲ್ಲಿ.

ಯಾಕೆ ಎಂದು ಈಗಲೇ ತೋರಿಸುತ್ತೇನೆ. ಒಂದು ವಾಕ್ಯವನ್ನು ಎರಡು ಸಲ ಹೇಳುತ್ತೇನೆ, ಕಿವಿಗೊಟ್ಟು ಕೇಳಿ.

(ಮೆಚ್ಚುಗೆಯ ದನಿಯಲ್ಲಿ) ಪರವಾಗಿಲ್ಲ, ನಿಮಗೆ ಬಹಳ ವಿಷಯ ಗೊತ್ತಿದೆ.

(ಕೊಂಕು ದನಿಯಲ್ಲಿ) ಪರವಾಗಿಲ್ಲ, ನಿಮಗೆ ಬಹಳ ವಿಷಯ ಗೊತ್ತಿದೆ.

ಕೇಳಿದಿರಲ್ಲ? ಮೊದಲನೆಯದಕ್ಕೆ ನೀವು ನಗುತ್ತಾ ಧನ್ಯವಾದ ಹೇಳುತ್ತೀರಿ. ಎರಡನೆಯದಕ್ಕೆ ಜಗಳಕ್ಕೆ ಬರುತ್ತೀರಿ. ಆದರೆ ನನ್ನ ಎದುರಿಗಿರುವ ಕಾಗದದಲ್ಲಿ ಎರಡೂ ಒಂದೇ. ಅದೇ ಐದು ಪದ, ಅದೇ ಅಲ್ಪವಿರಾಮ. ಬಾನುಲಿಯಲ್ಲಿ ನನಗೆ ಮುಖವಿಲ್ಲ, ಕೈಸನ್ನೆಯಿಲ್ಲ, ಆದರೂ ದನಿಯೊಂದು ಉಳಿದಿದೆ. ಮೊಬೈಲಿನಲ್ಲಿ ಬರೆಯುವ ನಿಮಗೆ ಅದೂ ಇಲ್ಲ.

ಇದು ನನ್ನ ಊಹೆಯಲ್ಲ. ಮನಶ್ಶಾಸ್ತ್ರಜ್ಞರಾದ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗಳ ಕೈಗೆ ಕೆಲವು ವಾಕ್ಯ ಕೊಟ್ಟರು. ಕೆಲವು ಗಂಭೀರ, ಕೆಲವು ವ್ಯಂಗ್ಯ. ಒಮ್ಮೆ ಇಮೇಲ್ ಮೂಲಕ, ಒಮ್ಮೆ ದನಿಯ ಮೂಲಕ ಅವುಗಳನ್ನು ಜೊತೆಗಾರರಿಗೆ ಮುಟ್ಟಿಸಬೇಕು. ಎಷ್ಟು ಸಲ ನಿಮ್ಮ ಭಾವ ಸರಿಯಾಗಿ ತಲುಪುತ್ತದೆ ಎಂದು ಕೇಳಿದರೆ, ಕಳುಹಿಸುವವರು ಎರಡಕ್ಕೂ ನೂರಕ್ಕೆ ಸುಮಾರು 78 ಸಲ ಎಂದರು. ದನಿಯಲ್ಲಿ ಹೆಚ್ಚುಕಡಿಮೆ ಹಾಗೆಯೇ ಆಯಿತು, 73. ಬರಹದಲ್ಲಿ? 56. ನಾಣ್ಯ ಚಿಮ್ಮಿ ಹೇಳಿದ್ದರೂ 50 ಸಲ ಸರಿಹೋಗುತ್ತಿತ್ತು!

ಈ ಅಧ್ಯಯನದಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇನ್ನೊಂದಿದೆ. ಕಳುಹಿಸುವ ಮೊದಲು ಕೆಲವರಿಂದ ಆ ಸಂದೇಶವನ್ನು ಗಟ್ಟಿಯಾಗಿ ಓದಿಸಿದರು, ಬೇಕೆಂದೇ ವಿರುದ್ಧವಾದ ದನಿಯಲ್ಲಿ. ವ್ಯಂಗ್ಯವನ್ನು ಗಂಭೀರವಾಗಿ, ಗಂಭೀರವಾದದ್ದನ್ನು ವ್ಯಂಗ್ಯವಾಗಿ. ಹಾಗೆ ಓದಿದವರ ಅತಿಯಾದ ಭರವಸೆ ಇಳಿದುಹೋಯಿತು. ನಾವು ಬರೆದದ್ದನ್ನು ನಾವೇ ಮನಸ್ಸಿನಲ್ಲಿ ಓದಿಕೊಂಡಾಗ ನಮ್ಮದೇ ದನಿ ಕೇಳುತ್ತದೆ, ಅದಕ್ಕೇ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಆ ದನಿಯನ್ನು ಕೆಡಿಸಿ ಓದಿ. ಬಾಯಿಬಿಟ್ಟು ಓದಿ. ಪಕ್ಕದಲ್ಲಿರುವವರು ನಕ್ಕರೆ ನಗಲಿ.

ಈಗ ಒಂದು ಪ್ರಸಂಗ. ಇದನ್ನು ಹೇಳದೆ ನಾನು ಯಾವ ಭಾಷಣವನ್ನೂ ಮುಗಿಸಿದವನಲ್ಲ, ಹಿಂದೆ ಕೇಳಿದವರು ಸಹಿಸಿಕೊಳ್ಳಬೇಕು.

1982ರ ಸೆಪ್ಟೆಂಬರ್. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನ ವಿಭಾಗ. ಅಲ್ಲಿನವರಿಗೆ ಕಂಪ್ಯೂಟರಿನೊಳಗೇ ಒಂದು ಸೂಚನಾ ಫಲಕ ಇತ್ತು. ಉಪನ್ಯಾಸದ ಪ್ರಕಟಣೆ, ಕಳೆದುಹೋದ ವಸ್ತುವಿನ ವಿಚಾರ, ರಾಜಕೀಯದ ವಾಗ್ವಾದ, ಒಣಹರಟೆ ಎಲ್ಲಕ್ಕೂ ಅದೇ ಜಾಗ. ಒಂದು ದಿನ ಒಬ್ಬರು ಅಲ್ಲಿ ಒಗಟು ಹಾಕಿದರು. ಲಿಫ್ಟ್‌ನ ಗೋಡೆಯಲ್ಲಿ ಉರಿಯುವ ಮೇಣದಬತ್ತಿ ಸಿಕ್ಕಿಸಿದ್ದಾರೆ, ನೆಲದ ಮೇಲೆ ಒಂದು ಹನಿ ಪಾದರಸ ಇದೆ. ಲಿಫ್ಟ್‌ನ ಹಗ್ಗ ಕಡಿದು ಅದು ಬೀಳತೊಡಗಿದರೆ ಮೇಣದಬತ್ತಿಗೆ ಏನಾಗುತ್ತದೆ, ಪಾದರಸಕ್ಕೆ ಏನಾಗುತ್ತದೆ? ಉತ್ತರ ಬೇಕಾದವರು ಭೌತಶಾಸ್ತ್ರದ ಮೇಷ್ಟ್ರನ್ನು ಹಿಡಿಯಿರಿ, ನನಗೆ ಬೇಕಾದದ್ದು ಮುಂದಿನ ಕಥೆ.

ಇನ್ನೊಬ್ಬರಿಗೆ ತಮಾಷೆ ಹೊಳೆಯಿತು. ಎಚ್ಚರಿಕೆಯ ಧಾಟಿಯಲ್ಲೇ ಬರೆದರು: ಈಚೆಗೆ ನಡೆದ ಭೌತಶಾಸ್ತ್ರ ಪ್ರಯೋಗದಿಂದಾಗಿ ಎಡತುದಿಯ ಲಿಫ್ಟ್‌ನಲ್ಲಿ ಪಾದರಸ ಹರಡಿದೆ, ಸ್ವಲ್ಪ ಬೆಂಕಿಯ ಹಾನಿಯೂ ಆಗಿದೆ, ಶುಕ್ರವಾರ ಬೆಳಿಗ್ಗೆ ಎಂಟರ ಹೊತ್ತಿಗೆ ಶುಚಿಗೊಳಿಸುವ ಕೆಲಸ ಮುಗಿಯಬೇಕು. ಒಗಟನ್ನು ಓದಿದ್ದವರು ನಕ್ಕರು. ಇದೊಂದನ್ನೇ ಓದಿದ ಕೆಲವರು ನಿಜವೆಂದೇ ನಂಬಿದರು. ನಂಬದೆ ಏನು ಮಾಡುತ್ತಾರೆ? ಪಾದರಸ ವಿಷ. ಎಡತುದಿಯ ಲಿಫ್ಟ್ ಎಂದು ಗುರುತೂ ಹೇಳಿದೆ, ಶುಕ್ರವಾರ ಎಂಟು ಗಂಟೆ ಎಂದು ಗಡುವೂ ಇದೆ. ಇಷ್ಟು ವಿವರವಿರುವ ಸುಳ್ಳನ್ನು ಯಾರು ಅನುಮಾನಿಸುತ್ತಾರೆ?

ಆಮೇಲೆ ಚರ್ಚೆ ಶುರುವಾಯಿತು. ತಮಾಷೆಗೆ ಬರೆದದ್ದಕ್ಕೆ ಒಂದು ಗುರುತು ಬೇಕು ಎಂದಾಯಿತು. ಒಬ್ಬರು ವಿಷಯದ ಸಾಲಿನಲ್ಲಿ ನಕ್ಷತ್ರದ ಚಿಹ್ನೆ ಹಾಕೋಣ ಎಂದರು. ಅದಲ್ಲ, ಶೇಕಡಾ ಚಿಹ್ನೆ ಇರಲಿ ಎಂದರು ಇನ್ನೊಬ್ಬರು. ಮತ್ತೊಬ್ಬರಿಗೆ ಇಂಗ್ಲಿಷಿನಲ್ಲಿ ‘ಮತ್ತು’ ಎನ್ನಲು ಬಳಸುವ ‘ಆಂಪರ್‌ಸ್ಯಾಂಡ್’ ಚಿಹ್ನೆಯಲ್ಲಿ ಬಿದ್ದು ಬಿದ್ದು ನಗುತ್ತಿರುವ ದಢೂತಿ ಮನುಷ್ಯ ಕಂಡ. ಇದೆಲ್ಲ ಗಂಭೀರವಾಗಿಯೇ ನಡೆಯಿತು, ನೆನಪಿಡಿ. ಎಲ್ಲರೂ ಮಹಾ ಬುದ್ಧಿವಂತರು.

ಸೆಪ್ಟೆಂಬರ್ 19ರಂದು, ಮಧ್ಯಾಹ್ನ ಹನ್ನೆರಡಕ್ಕೆ ಇನ್ನು ಕಾಲು ಗಂಟೆ ಇರುವಾಗ, ಸ್ಕಾಟ್ ಫಾಲ್ಮನ್ ಎಂಬ ಅಧ್ಯಾಪಕರು ಪುಟ್ಟ ಸಂದೇಶ ಹಾಕಿದರು. ಅದರಲ್ಲಿದ್ದದ್ದನ್ನು ಬಾಯಲ್ಲಿ ಹೇಳುತ್ತೇನೆ, ಮನಸ್ಸಿನಲ್ಲೇ ಬರೆದುಕೊಳ್ಳಿ. ಒಂದರ ಮೇಲೊಂದು ಎರಡು ಚುಕ್ಕೆ. ಪಕ್ಕದಲ್ಲಿ ಒಂದು ಸಣ್ಣ ಅಡ್ಡಗೆರೆ. ಅದರ ಪಕ್ಕ ಮುಚ್ಚುವ ಕಂಸ. ಕತ್ತನ್ನು ಎಡಕ್ಕೆ ಬಾಗಿಸಿ ನೋಡಿದರೆ ಕಣ್ಣು, ಮೂಗು, ನಗುವ ಬಾಯಿ. ತಮಾಷೆಗೆ ಈ ಗುರುತು ಹಾಕೋಣ ಎಂದರು. ಜೊತೆಗೆ ಒಂದು ಚುಚ್ಚುಮಾತನ್ನೂ ಸೇರಿಸಿದ್ದರು: ಈಗ ನಡೆಯುತ್ತಿರುವುದನ್ನು ನೋಡಿದರೆ, ತಮಾಷೆಯಲ್ಲದವುಗಳಿಗೆ ಗುರುತು ಹಾಕುವುದೇ ಮಿತವ್ಯಯವಾದೀತು, ಅದಕ್ಕೆ ಕಂಸವನ್ನು ತಿರುಗಿಸಿ ಜೋಲುಮುಖ ಮಾಡಿ!

ಆ ಮೂಲ ಸಂದೇಶದ ಪ್ರತಿಯನ್ನು ಅವರೂ ಇಟ್ಟುಕೊಂಡಿರಲಿಲ್ಲ. ಹಳೆಯ ಟೇಪುಗಳನ್ನು ಜಾಲಾಡಿ ಅದನ್ನು ಮತ್ತೆ ಹೊರತೆಗೆದದ್ದು 2002ರಲ್ಲಿ. ಇವತ್ತು ನಿಮ್ಮ ಮೊಬೈಲಿನಲ್ಲಿ ಸಾಲುಸಾಲಾಗಿ ಕೂತಿರುವ ಹಳದಿ ಮುಖಗಳಿಗೆ ಆ ಪಾದರಸದ ಲಿಫ್ಟ್ ಹಿರಿಯಜ್ಜ.

ಇಷ್ಟು ಹೇಳಿದ ಮೇಲೆ ಕೆಲವರು, ಹಾಗಾದರೆ ಎಲ್ಲದಕ್ಕೂ ಒಂದು ನಗುಮುಖ ಅಂಟಿಸಿಬಿಡುತ್ತೇವೆ ಎನ್ನುತ್ತಾರೆ. ದಯವಿಟ್ಟು ಬೇಡಿ. ‘ನಿಮಗೆ ಇಷ್ಟೂ ಗೊತ್ತಿಲ್ಲವೇ’ ಎಂದು ಬರೆದು ಕೊನೆಗೆ ನಗುಮುಖ ಹಾಕಿದರೆ ಬೈಗುಳ ಹಾಸ್ಯವಾಗುವುದಿಲ್ಲ, ನಗುತ್ತಾ ಬೈದ ಹಾಗಾಗುತ್ತದೆ. ಅದು ಇನ್ನೂ ಉರಿ.

ಒಂದು ಸಾಮಾನ್ಯ ಉದಾಹರಣೆ ತೆಗೆದುಕೊಳ್ಳಿ. ಹೊಸಬರೊಬ್ಬರು ಗುಂಪಿಗೆ ಬಂದು ಏನೋ ಕೇಳುತ್ತಾರೆ. ಹಳಬರು ಬರೆಯುತ್ತಾರೆ: ‘ಇದನ್ನು ಹಿಂದೆಯೇ ಹೇಳಿಯಾಗಿದೆ. ಓದಿ ಬನ್ನಿ.’ ಹಳಬರ ಮನಸ್ಸಿನಲ್ಲಿ ಅದು ಬರಿಯ ಮಾಹಿತಿ. ಈಗ ಕಂಡರಾಗದವರ ದನಿಯಲ್ಲಿ ಓದಿ. (ಗದರುವ ದನಿಯಲ್ಲಿ) ಇದನ್ನು ಹಿಂದೆಯೇ ಹೇಳಿಯಾಗಿದೆ. ಓದಿ ಬನ್ನಿ! ಹೊಸಬರಿಗೆ ಕೇಳಿಸಿದ್ದು ಇದು. ಅದನ್ನೇ ‘ಇದರ ಬಗ್ಗೆ ಹಿಂದೆ ಚರ್ಚೆಯಾಗಿತ್ತು, ಕೊಂಡಿ ಹಾಕಿದ್ದೇನೆ. ಅಲ್ಲಿ ಸಿಗದೆ ಇದ್ದರೆ ಮತ್ತೆ ಕೇಳಿ’ ಎಂದು ಬರೆದು ನೋಡಿ. ಎಷ್ಟೇ ಸಿಡುಕಿ ಓದಿದರೂ ಗದರಿದಂತೆ ಕೇಳುವುದಿಲ್ಲ. ಎಂಥ ದನಿಯಲ್ಲಿ ಓದಿದರೂ ಕೆಡದ ವಾಕ್ಯ ಸಿಗುವವರೆಗೆ ತಿದ್ದಿ. ನಾನು ಹೇಳುತ್ತಿರುವ ಪರೀಕ್ಷೆ ಅಷ್ಟೇ.

ಕೋಪ ಬಂದಿದ್ದರೆ ಈ ಪರೀಕ್ಷೆಯನ್ನೂ ಅವತ್ತು ಮಾಡಬೇಡಿ. 1995ರ ಅಕ್ಟೋಬರ್‌ನಲ್ಲಿ ಅಂತರ್ಜಾಲದ ತಂತ್ರಜ್ಞರು ಸಭ್ಯ ಬರವಣಿಗೆಗೆಂದು ಒಂದು ಮಾರ್ಗಸೂಚಿ ಹೊರತಂದರು. ಆವೇಶದ ಉತ್ತರವನ್ನು ಒಂದು ರಾತ್ರಿ ಕಳೆಯುವವರೆಗೆ ತಡೆದಿಡಿ ಎಂದು ಆಗಲೇ ಅದರಲ್ಲಿತ್ತು. ಇಂಗ್ಲಿಷಿನಲ್ಲಿ ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆದರೆ ಕಿರುಚಿದಂತೆ ಕಾಣುತ್ತದೆ ಎಂದೂ ಇತ್ತು. ಕನ್ನಡಕ್ಕೆ ದೊಡ್ಡಕ್ಷರವೇ ಇಲ್ಲವಲ್ಲ, ನಾವು ಪಾರಾದೆವು ಅಂದುಕೊಳ್ಳಬೇಡಿ. ನಾವು ಸಾಲುಗಟ್ಟಿ ನಿಲ್ಲಿಸಿದ ಆಶ್ಚರ್ಯಸೂಚಕಗಳಲ್ಲಿ ಕಿರುಚುತ್ತೇವೆ. ಮೂರು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಅದು ಪ್ರಶ್ನೆಯಲ್ಲ, ವಿಚಾರಣೆ.

ಅಡ್ಮಿನ್‌ಗಳ ಭಾಗಕ್ಕೆ ಬರುವಷ್ಟರಲ್ಲಿ ಗಾಜಿನಾಚೆಯಿಂದ ಹೊತ್ತಾಯಿತೆಂದು ಬೆರಳು ತೋರಿಸುತ್ತಿದ್ದಾರೆ. ತಪ್ಪು ಲಿಫ್ಟ್‌ನದು. ಬೇಗ ಹೇಳುತ್ತೇನೆ.

ಅಡ್ಮಿನ್‌ಗಳೇ, ನಿಯಮಗಳನ್ನು ಯಾವುದೋ ಮೂಲೆಯಲ್ಲಿ ಇಡಬೇಡಿ. ಪ್ರತಿ ಚರ್ಚೆಯ ತಲೆಯ ಮೇಲೇ, ಎಲ್ಲರ ಕಣ್ಣಿಗೆ ಬೀಳುವಂತೆ ಎರಡು ಮೂರು ಸಾಲಿನಲ್ಲಿ ಹಾಕಿ. ರೆಡಿಟ್ ಎಂಬ ಚರ್ಚಾ ತಾಣದ ದೊಡ್ಡ ವಿಜ್ಞಾನ ಗುಂಪೊಂದರ ಎರಡು ಸಾವಿರಕ್ಕೂ ಹೆಚ್ಚು ಚರ್ಚೆಗಳಲ್ಲಿ ಹೀಗೆ ಮಾಡಿ ನೋಡಿದ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಹೊಸಬರು ನಿಯಮ ಪಾಲಿಸುವ ಸಾಧ್ಯತೆ ಎಂಟಕ್ಕೂ ಹೆಚ್ಚು ಶೇಕಡಾ ಅಂಶದಷ್ಟು ಏರಿತು. ನಿಯಮ ಕಂಡರೆ ಜನ ಓಡಿಹೋಗುತ್ತಾರೆ ಎಂದು ಹೆದರುವವರು ಕೇಳಿ, ಬರೆಯಲು ಮುಂದೆ ಬಂದ ಹೊಸಬರು ಸರಾಸರಿ 70 ಶೇಕಡಾ ಹೆಚ್ಚಾದರು.

ಎರಡನೆಯದು, ಯಾರದಾದರೂ ಬರಹ ಅಳಿಸಿದರೆ ಕಾರಣ ಹೇಳಿ. ಒಂದೇ ಸಾಲು ಸಾಕು. ಕಳುಹಿಸುವ ಮೊದಲು ಆ ಸಾಲನ್ನೂ ಗಟ್ಟಿಯಾಗಿ ಓದಿ. ‘ನಿಯಮ ಮೀರಿದ್ದೀರಿ’ ಎನ್ನುವುದು ಕೆಡುಕು ದನಿಯಲ್ಲಿ ತೀರ್ಪಿನಂತೆ ಕೇಳುತ್ತದೆ. ‘ವ್ಯಕ್ತಿಯ ಬಗ್ಗೆ ಇದ್ದ ಕೊನೆಯ ವಾಕ್ಯದಿಂದಾಗಿ ತೆಗೆದಿದ್ದೇನೆ, ಅದನ್ನು ಬಿಟ್ಟು ಮತ್ತೆ ಹಾಕಬಹುದು’ ಎನ್ನುವುದು ಹಾಗೆ ಕೇಳುವುದಿಲ್ಲ. ಇನ್ನು ಅಳಿಸಿಸಿಕೊಂಡವರು ಅದನ್ನೇ ಮತ್ತೆ ಮತ್ತೆ ಹಾಕಬೇಡಿ, ಎಲ್ಲರ ಮುಂದೆ ರಂಪ ಮಾಡಬೇಡಿ. ಅಡ್ಮಿನ್‌ಗೆ ಖಾಸಗಿಯಾಗಿ ಬರೆದು ಕೇಳಿ.

ಮೂರನೆಯದು ಅಡ್ಮಿನ್‌ಗಳಿಗೆ ಕಹಿಯಾಗಬಹುದು. ನೀವೇ ವಾದಕ್ಕಿಳಿದ ಕಡೆ ಅಳಿಸುವ ಅಧಿಕಾರ ನಿಮ್ಮ ಕೈಯಲ್ಲಿ ಇರಬಾರದು. ಸ್ಲ್ಯಾಶ್‌ಡಾಟ್ ಎಂಬ ಹಳೆಯ ತಂತ್ರಜ್ಞಾನ ತಾಣದಲ್ಲಿ, ಒಂದು ಚರ್ಚೆಯಲ್ಲಿ ಬರೆದವರು ಅದೇ ಚರ್ಚೆಯಲ್ಲಿ ಇತರರ ಬರಹಕ್ಕೆ ಅಂಕ ಕೊಡುವಂತಿಲ್ಲ ಎಂಬ ಕಟ್ಟುಪಾಡಿತ್ತು. ನಿಮ್ಮ ಗುಂಪಿಗೆ ಒಬ್ಬರೇ ಅಡ್ಮಿನ್ ಇದ್ದರೆ ಇವತ್ತೇ ಇನ್ನೊಬ್ಬರನ್ನು ಸೇರಿಸಿ. ಸಾಧ್ಯವಾದರೆ ನಿಮ್ಮ ಅಭಿಪ್ರಾಯಗಳನ್ನು ಅಷ್ಟಾಗಿ ಮೆಚ್ಚದವರನ್ನು.

ನಮಸ್ಕಾರ.