ಕಣ್ಣಿಗೆ ಕಾಣದ ಬಿಸಿಲು

ಎಲ್ಲರಿಗೂ ನಮಸ್ಕಾರ. ನನಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ಮೈಕ್ ಸರಿ ಮಾಡುವುದರಲ್ಲೇ ಮೂರು ನಿಮಿಷ ಹೋಯಿತು. ಅದನ್ನು ದಯವಿಟ್ಟು ನನ್ನ ಲೆಕ್ಕಕ್ಕೆ ಹಿಡಿಯಬೇಡಿ.

ಇಲ್ಲಿ ಕೂತು ನಿಮ್ಮನ್ನೆಲ್ಲ ನೋಡುತ್ತಿದ್ದೆ. ಆರೇಳು ಜನ ಕೂಲಿಂಗ್ ಗ್ಲಾಸನ್ನು ನೆತ್ತಿಯ ಮೇಲೆ ಏರಿಸಿಕೊಂಡಿದ್ದೀರಿ. ಕೂದಲಿಗೆ ಒಳ್ಳೇ ರಕ್ಷಣೆ. ಸಭಾಂಗಣದ ಒಳಗೆ ಸರಿ, ನನ್ನ ತಕರಾರಿಲ್ಲ. ಆದರೆ ಹೊರಗೂ ಹಾಗೇ ಓಡಾಡುವವರಿದ್ದಾರೆ. ಯಾಕೆ ಅಂತ ಕೇಳಿದರೆ, "ಇವತ್ತು ಬಿಸಿಲು ಅಷ್ಟೇನೂ ಚುಚ್ಚುತ್ತಿಲ್ಲ ಡಾಕ್ಟ್ರೇ" ಅನ್ನುತ್ತಾರೆ. ನನ್ನ ಜಗಳ ಇರುವುದು ಈ ಒಂದು ಮಾತಿನ ಜೊತೆ. ಚುಚ್ಚುತ್ತಿಲ್ಲ ಅಂತ ಹೇಳಿದ್ದು ಯಾರು? ಕಣ್ಣು. ಈ ಕೇಸಿನಲ್ಲಿ ಕಣ್ಣಿನ ಸಾಕ್ಷಿ ನಡೆಯುವುದಿಲ್ಲ.

1801ರಲ್ಲಿ ಜರ್ಮನಿಯ ಯೋಹಾನ್ ವಿಲ್ಹೆಲ್ಮ್ ರಿಟರ್ ಬಿಸಿಲನ್ನು ಪಟ್ಟಕದಲ್ಲಿ ಹಾಯಿಸಿ ಬಣ್ಣಗಳಾಗಿ ಒಡೆದ. ಆಗ ಅವನಿಗೆ 24 ವರ್ಷ. ಬೆಳಕು ಬಿದ್ದರೆ ಕಪ್ಪಾಗುವ ಸಿಲ್ವರ್ ಕ್ಲೋರೈಡನ್ನು ಒಂದೊಂದು ಬಣ್ಣಕ್ಕೂ ಹಿಡಿದು ನೋಡಿದ. ಎಲ್ಲಕ್ಕಿಂತ ಬೇಗ ಕಪ್ಪಾಗಿದ್ದು ಎಲ್ಲಿ ಗೊತ್ತಾ? ನೇರಳೆ ಬಣ್ಣದ ಆಚೆ, ಏನೂ ಕಾಣದ ಜಾಗದಲ್ಲಿ! ನೇರಳಾತೀತ ಕಿರಣ, ಅಂದರೆ ಅಲ್ಟ್ರಾವಯೊಲೆಟ್, ಚಿಕ್ಕದಾಗಿ ಯುವಿ ಅಂತ ನಾವು ಕರೆಯುವುದು ಅದನ್ನೇ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಅಂತಾರೆ. ಇದು ಪ್ರತ್ಯಕ್ಷ ಕಾಣುವುದೇ ಇಲ್ಲವಲ್ಲ, ಏನು ಮಾಡ್ತೀರಿ?

ಇದನ್ನು ಪುಸ್ತಕದಲ್ಲಿ ಓದಿ ಪಾಸಾದವನು ನಾನು. ಆದರೂ ಬುದ್ಧಿ ಬಂದಿದ್ದು ಹಿಮದಲ್ಲಿ. ಡಾಕ್ಟರಾಗಿ ಎರಡು ವರ್ಷ ಆಗಿತ್ತು. ಆರು ಜನ ಗೆಳೆಯರು ಹಿಮದ ಬೆಟ್ಟ ಹತ್ತಲು ಹೋದೆವು. ಆ ದಿನ ಪೂರ್ತಿ ಮೋಡ. ಸೂರ್ಯ ಎಲ್ಲಿದ್ದಾನೆ ಅಂತಲೂ ಗೊತ್ತಾಗುತ್ತಿರಲಿಲ್ಲ. ಉಸಿರಿನ ಹಬೆಗೆ ಕನ್ನಡಕ ಮಂಜಾಗುತ್ತಿತ್ತು. ಒರೆಸಿ ಒರೆಸಿ ಸಾಕಾಗಿ ತೆಗೆದು ಜೇಬಿಗೆ ಹಾಕಿಕೊಂಡೆ. ಐದು ಗಂಟೆ ನಡೆದೆವು. ಸಂಜೆ ಟೆಂಟಿನಲ್ಲಿ ಹಾಡು, ಹರಟೆ. ಏನೂ ತೊಂದರೆ ಇರಲಿಲ್ಲ.

ನಡುರಾತ್ರಿ ಎಚ್ಚರವಾಯಿತು. ಎರಡೂ ಕಣ್ಣಿಗೆ ಯಾರೋ ಒಂದೊಂದು ಹಿಡಿ ಮರಳು ತುಂಬಿದ ಹಾಗೆ. ರೆಪ್ಪೆ ಮಿಟುಕಿಸಿದರೆ ಆ ಮರಳು ಒಳಗೇ ಉಜ್ಜುತ್ತಿತ್ತು. ಒಬ್ಬ ಟಾರ್ಚ್ ಹಾಕಿದ, ನಾನು ಕೂಗಿಕೊಂಡೆ. ನೀರು ಧಾರಾಕಾರ. ನಮ್ಮ ಜೊತೆಗಿದ್ದ ಹಿರಿಯ ಗೈಡ್ ಬಂದು ಒದ್ದೆ ಬಟ್ಟೆ ಮಡಚಿ ಕಣ್ಣ ಮೇಲಿಟ್ಟರು. "ಉಜ್ಜಬೇಡಿ. ಕನ್ನಡಕ ಎಲ್ಲಿತ್ತು?" ಅಂದರು. "ಜೇಬಲ್ಲಿ" ಅಂದೆ. "ಹೌದಾ? ಜೇಬಿಗೇನೂ ಆಗಿಲ್ಲ ಅಲ್ವಾ?" ಅಂದರು.

ಎರಡು ದಿನ ಟೆಂಟಿನಲ್ಲಿ ಕಣ್ಣುಮುಚ್ಚಿ ಬಿದ್ದಿದ್ದೆ. ಕಣ್ಣಿನ ಡಾಕ್ಟರನ್ನು ಕೈಹಿಡಿದು ಹೊರಗೆ ಕರೆದುಕೊಂಡು ಹೋಗಿ ಬರುತ್ತಿದ್ದವನು ಬ್ಯಾಂಕ್ ಗುಮಾಸ್ತ. ಇವತ್ತಿಗೂ ಫೋನ್ ಮಾಡಿದರೆ ಅವನು ಮೊದಲು ವಿಚಾರಿಸುವುದು ನನ್ನ ಜೇಬಿನ ಆರೋಗ್ಯವನ್ನೇ.

ಆಗಿದ್ದೇನು ಅಂದರೆ, ಹೊಸ ಹಿಮ ತನ್ನ ಮೇಲೆ ಬಿದ್ದ ಯುವಿಯಲ್ಲಿ ಶೇ. 80ರವರೆಗೂ ವಾಪಸ್ ಎಸೆಯುತ್ತದೆ. ಬೆಟ್ಟ ಹತ್ತುತ್ತಾ ಹೋದರೆ ಪ್ರತಿ 1000 ಮೀಟರಿಗೆ ಯುವಿ ಸುಮಾರು ಶೇ. 10 ಜಾಸ್ತಿ. ತೆಳು ಮೋಡ ಅದನ್ನು ತಡೆಯುವುದು ಅಷ್ಟಕ್ಕಷ್ಟೇ. ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಹೊದಿಕೆಯ ಮೇಲ್ಪದರ ಸುಟ್ಟಿತ್ತು. ನೋವು ಶುರುವಾಗುವುದು ಆರರಿಂದ ಹನ್ನೆರಡು ಗಂಟೆ ಬಿಟ್ಟು. ಅದಕ್ಕೇ ಸಂಜೆ ಹಾಡುತ್ತಾ ಕೂತಿದ್ದೆ. ವೆಲ್ಡಿಂಗ್ ಬೆಳಕನ್ನು ಬರಿಗಣ್ಣಲ್ಲಿ ನೋಡಿದವರಿಗೆ ರಾತ್ರಿ ಆಗುವುದೂ ಇದೇ. ಆ ಪದರ ಒಂದೆರಡು ದಿನದಲ್ಲಿ ಹೊಸದಾಗಿ ಬೆಳೆಯುತ್ತದೆ, ಪುಣ್ಯ.

ಕಣ್ಣೊಳಗಿನ ಮಸೂರಕ್ಕೆ ಆ ಪುಣ್ಯ ಇಲ್ಲ. ಕಾರ್ನಿಯಾ ದಾಟಿ ಬಂದ ಯುವಿಯಲ್ಲಿ ಹೆಚ್ಚಿನ ಪಾಲನ್ನು ಅದೇ ನುಂಗಿಕೊಳ್ಳುತ್ತದೆ. ನೋವಿಲ್ಲ, ಉರಿಯಿಲ್ಲ, ಸುಮ್ನೆ ಲೆಕ್ಕ ಬೆಳೆಯುತ್ತಾ ಹೋಗುತ್ತದೆ. ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ ದಿನವಿಡೀ ನೀರಿನ ಮೇಲೆ ದುಡಿಯುವ 838 ಮೀನುಗಾರರನ್ನು ಪರೀಕ್ಷಿಸಿ 1988ರಲ್ಲಿ ಒಂದು ವರದಿ ಬಂತು. ಯುವಿಯಲ್ಲೇ ಯುವಿಬಿ ಅಂತ ಒಂದು ಬಗೆ. ಜೀವಮಾನದಲ್ಲಿ ಕಣ್ಣಿಗೆ ಬಿದ್ದ ಯುವಿಬಿ ಎರಡು ಪಟ್ಟಾದರೆ, ಮಸೂರದ ಹೊರಭಾಗದಲ್ಲಿ ಬರುವ ಪೊರೆಯ ಅಪಾಯ 1.6 ಪಟ್ಟು. ಮಸೂರದ ನಡುವೆ ಬರುವ ಪೊರೆಗೂ ಯುವಿಬಿಗೂ ಮಾತ್ರ ಅವರಿಗೆ ನಂಟು ಸಿಗಲಿಲ್ಲ. ಹಾಗಾಗಿ ಪೊರೆಗೆಲ್ಲ ಬಿಸಿಲೇ ಕಾರಣ ಅಂತ ನಾನು ಹೇಳುತ್ತಿಲ್ಲ. ವಯಸ್ಸಿದೆ, ಸಕ್ಕರೆ ಕಾಯಿಲೆ ಇದೆ, ಸಿಗರೇಟಿದೆ. ಸಿಗರೇಟಿನ ಬಗ್ಗೆ ಶುರು ಮಾಡಿದರೆ ಊಟದ ಹೊತ್ತಾಗುತ್ತದೆ, ಬಿಡಿ.

ಈಗ ಕೂಲಿಂಗ್ ಗ್ಲಾಸಿಗೆ ಬರೋಣ. ಹೆಸರಲ್ಲೇ ಎಡವಟ್ಟಿದೆ. ಕಣ್ಣಿಗೆ ತಂಪಾಯಿತು ಅಂದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಮತ್ತೆ ಅದೇ ಸುಳ್ಳುಸಾಕ್ಷಿ! ಕಪ್ಪು ಬಣ್ಣ ತಡೆಯುವುದು ಕಾಣುವ ಬೆಳಕನ್ನು. ಯುವಿ ತಡೆಯುವುದು ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಗುಣ, ಇಲ್ಲವೇ ಅದಕ್ಕೆ ಹಚ್ಚಿದ ಲೇಪನ. ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್ಕಿನ ಪೂರ್ತಿ ಪಾರದರ್ಶಕ ಮಸೂರ ಕೂಡ ಯುವಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಕಡುಗಪ್ಪಾಗಿದ್ದೂ ಯುವಿ ತಡೆಯದ ಕನ್ನಡಕ ಇನ್ನೂ ಕೆಟ್ಟದ್ದು. ಕತ್ತಲಾಯಿತು ಅಂತ ಪಾಪೆ ದೊಡ್ಡದಾಗುತ್ತದೆ. ಬಾಗಿಲು ಅಗಲ ತೆರೆದು ಕಳ್ಳನನ್ನು ಕರೆದ ಹಾಗೆ. ಕೊಳ್ಳುವಾಗ 'ಯುವಿ 400' ಅಂತ ಇದೆಯಾ ನೋಡಿ. ಅಂದರೆ 400 ನ್ಯಾನೊಮೀಟರ್ ವರೆಗಿನ ತರಂಗಾಂತರದ ಕಿರಣಗಳನ್ನೆಲ್ಲ, ಅಂದರೆ ಯುವಿ ಪೂರ್ತಿಯನ್ನು ತಡೆಯುತ್ತದೆ ಅಂತ. ಪೋಲರೈಸ್ಡ್ ಅನ್ನುವುದು ಬೇರೆ ಸಂಗತಿ. ಅದು ನೀರು, ರಸ್ತೆಗಳಿಂದ ಚಿಮ್ಮುವ ಝಳಪನ್ನು ಕಡಿಮೆ ಮಾಡುತ್ತದೆ, ಅಷ್ಟೇ.

ಕನ್ನಡಕದ ಅಗಲವೂ ಮುಖ್ಯ. ಕಣ್ಣಿನ ಬಿಳಿಭಾಗದಿಂದ ಕರಿಗುಡ್ಡೆಯ ಮೇಲೆ ಮಾಂಸದ ಎಳೆಯೊಂದು ಹಬ್ಬುತ್ತದೆ, ಟೆರಿಜಿಯಂ ಅಂತ. ಅದು ಹೆಚ್ಚಾಗಿ ಬರುವುದು ಮೂಗಿನ ಕಡೆಯಿಂದ. ಅಲ್ಲಿ ಮೂಗಿನ ನೆರಳಿರುತ್ತದಲ್ಲ, ಮತ್ಯಾಕೆ? ಕಿವಿಯ ಕಡೆಯಿಂದ ಓರೆಯಾಗಿ ಬಂದ ಬೆಳಕನ್ನು ಕಾರ್ನಿಯಾ ಬಗ್ಗಿಸಿ, ಭೂತಗನ್ನಡಿಯ ಹಾಗೆ ಮೂಗಿನ ಕಡೆಯ ಅಂಚಿಗೇ ಕೂಡಿಸುತ್ತದೆ. ಹಾಗಾಗಿ ಪಕ್ಕ ತೆರೆದಿರುವ ಪುಟಾಣಿ ಕನ್ನಡಕದಿಂದ ಅರ್ಧ ಕೆಲಸ ಮಾತ್ರ. ಪಕ್ಕವನ್ನೂ ಮುಚ್ಚುವಂಥದ್ದು ಬೇಕು, ಜೊತೆಗೆ ಅಗಲ ಅಂಚಿನ ಟೋಪಿ.

ಚೀಟಿ ಬಂತು. ಐದು ನಿಮಿಷವಂತೆ. ಬೇಗ ಹೇಳಿಬಿಡುತ್ತೇನೆ. ನಡುಮಧ್ಯಾಹ್ನ ಮಾತ್ರ ಅಪಾಯ ಅಂದುಕೊಳ್ಳಬೇಡಿ. ಆಗ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಹುಬ್ಬು ಮತ್ತು ರೆಪ್ಪೆ ಅಡ್ಡ ಬರುತ್ತವೆ. ಬೆಳಗ್ಗೆ ಎಂಟು ಒಂಬತ್ತಕ್ಕೆ, ಮಧ್ಯಾಹ್ನ ಮೂರಕ್ಕೆ ಕಿರಣ ನೇರ ಮುಖಕ್ಕೇ ಬರುತ್ತದೆ. ಚಿಕ್ಕ ಮಕ್ಕಳ ಮಸೂರ ತಿಳಿ, ಅವರ ಕಣ್ಣಿನ ಹಿಂಭಾಗದ ಪರದೆ ರೆಟಿನಾದವರೆಗೂ ಯುವಿ ಹೆಚ್ಚು ಹೋಗುತ್ತದೆ. ಆಟದ ಕನ್ನಡಕ ಕೊಡಿಸಬೇಡಿ, ಸರಿಯಾದದ್ದನ್ನೇ ಕೊಡಿಸಿ. ಗ್ರಹಣಕ್ಕೆ ಎಂಥ ಕೂಲಿಂಗ್ ಗ್ಲಾಸೂ ಸಾಲದು, ಅದಕ್ಕೇ ಮಾಡಿದ ಫಿಲ್ಟರ್ ಬೇಕು. ಬಿಸಿಲಿಗೆ ಕಪ್ಪಾಗುವ ಮಸೂರ ಕಾರಿನೊಳಗೆ ಕಪ್ಪಾಗಲಿಲ್ಲ ಅಂತ ಅಂಗಡಿಯವರ ಜೊತೆ ಜಗಳ ಆಡಬೇಡಿ. ಅದು ಕಪ್ಪಾಗಲು ಬೇಕಾದ ಯುವಿಯನ್ನು ಮುಂದಿನ ಗಾಜು ತಡೆದಿರುತ್ತದೆ. ಪಕ್ಕದ ಕಿಟಕಿಯ ಗಾಜು ಅಷ್ಟು ತಡೆಯುವುದಿಲ್ಲ, ಅದರ ಕಥೆ... ಸರಿ, ಎರಡನೇ ಚೀಟಿಯೂ ಬಂತು.

ಮೂರನೇ ಸಾಲಿನಲ್ಲಿ ಒಬ್ಬರು ನೆತ್ತಿಯ ಕನ್ನಡಕವನ್ನು ಮೆಲ್ಲಗೆ ತೆಗೆದು ಬ್ಯಾಗಿಗೆ ಹಾಕಿಕೊಂಡರು, ನೋಡಿದೆ. ಬ್ಯಾಗಿಗೆ ಬೇಡ, ಇಲ್ಲಿ ತನ್ನಿ. ಯುವಿ ಮೀಟರ್ ತಂದಿದ್ದೇನೆ. ಎಷ್ಟು ಒಳಗೆ ಬಿಡುತ್ತದೆ ನೋಡಿಬಿಡೋಣ.